ಕೋಟೆ ಬಾಗಿಲು ಮತ್ತು ಕಬ್ಬಿಣದ ಬಾಣಗಳು

ನಿನ್ನೆ ಸಂಜೆ ಧಾರವಾಡದ ಕೋಟೆ ಬಾಗಿಲಿನ ಬಳಿ ಹಾದುಹೋಗುವಾಗ, ಟಿಪ್ಪು ಸುಲ್ತಾನನ ಸೇನಾನಿ ಬದ್ರುಜ್ಜಮಾನ್ ಖಾನ್ 1790-91ರಲ್ಲಿ ಪರಶುರಾಮ ಭಾವು ಪಟವರ್ಧನರ ಮರಾಠಾ ಸೇನೆಯನ್ನೂ ಅದರ ಜೊತೆಗಿದ್ದ ಇಂಗ್ಲಿಷ್ ತುಕಡಿಯನ್ನೂ ಆರು ತಿಂಗಳಿಗೂ ಮೀರಿ ತಡೆದದ್ದು ಇಲ್ಲಿಯೇ ಎಂಬುದು ನೆನಪಾಗಿ ಸ್ವಲ್ಪ ಹೊತ್ತು ನಿಂತೆ. ಅಲ್ಲಿಂದ ಮನಸ್ಸು ಮೈಸೂರು ಸೇನೆಯ ರಾಕೆಟ್ಟುಗಳತ್ತ ಹೊರಳಿತು.

ದೀಪಾವಳಿಯಲ್ಲಿ ನಮ್ಮ ಓಣಿಯ ಮಕ್ಕಳು ಹಾರಿಸುವ ರಾಕೆಟ್ಟಿನ ಕೊಳವೆ ಕಾಗದದ್ದು. ಹೈದರ್ ಮತ್ತು ಟಿಪ್ಪುವಿನ ಕಾಲದ ಕಮ್ಮಾರರು ಅದನ್ನು ಕಬ್ಬಿಣದಲ್ಲಿ ಮಾಡಿದರು. ಮದ್ದು ಉರಿದಾಗ ಹುಟ್ಟುವ ಒತ್ತಡವನ್ನು ಕಬ್ಬಿಣ ತಾಳಿಕೊಳ್ಳುವುದರಿಂದ ಮದ್ದನ್ನು ಬಿಗಿಯಾಗಿ ತುಂಬುವುದು ಸಾಧ್ಯವಾಯಿತು, ದಿಕ್ಕು ತಪ್ಪದಂತೆ ಉದ್ದನೆಯ ಬಿದಿರಿನ ಗಳ ಕಟ್ಟಿದ ಆ ಬಾಣ ಒಂದು ಕಿಲೋಮೀಟರಿನ ಆಚೆಗೂ ಹೋಗಿ ಬೀಳುತ್ತಿತ್ತು. ಅರಸನ ದೂರದೃಷ್ಟಿಯನ್ನು ನಾನು ಗೌರವಿಸುತ್ತೇನೆ. ಆದರೆ ಹೆಸರೂ ಉಳಿಯದ ಆ ಕಮ್ಮಾರರ ಕೈಗಳ ಮೇಲೆ ನನಗೆ ಅಷ್ಟೇ ಅಭಿಮಾನ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರು ಈ ರಾಕೆಟ್ಟುಗಳನ್ನು ಇಂಗ್ಲೆಂಡಿನ ಶಸ್ತ್ರಾಗಾರವಿದ್ದ ವುಲಿಚ್‌ಗೆ ಸಾಗಿಸಿದರು. ಅವುಗಳನ್ನು ಆಧರಿಸಿ ಇಂಗ್ಲಿಷ್ ಶಸ್ತ್ರತಜ್ಞ ವಿಲಿಯಂ ಕಾಂಗ್ರೀವ್ ರೂಪಿಸಿದ ರಾಕೆಟ್ಟುಗಳು 1807ರಲ್ಲಿ ಇಂಗ್ಲಿಷರ ದಾಳಿಯಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದ ಮೇಲೆ ಬಿದ್ದವು; ಅಲ್ಲಿ ಸುಟ್ಟುಹೋದ ಮನೆಗಳನ್ನು ನೆನೆದರೆ ಹೆಮ್ಮೆಯ ಜೊತೆಗೆ ನೋವೂ ಆಗುತ್ತದೆ.

2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನ ಹಾಳು ಬಾವಿಯೊಂದರಲ್ಲಿ ಇಂಥ ಸಾವಿರದಷ್ಟು ಕಬ್ಬಿಣದ ಕೊಳವೆಗಳು ದೊರೆತವು, ಕೆಲವುಗಳಲ್ಲಿ ಮದ್ದು ಇನ್ನೂ ಉಳಿದಿತ್ತು. ಬರುವ ರಜೆಯಲ್ಲಿ ಅಣ್ಣನ ಮಕ್ಕಳನ್ನು ಶಿವಮೊಗ್ಗದ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ಯಬೇಕೆಂದಿದ್ದೇನೆ.