ಇದನ್ನ ಎಲ್ಲಿ ಹಚ್ತೀರ್ರಿ?

ಧ್ವನಿ ಕೊಡುವ ಕೆಲಸ ಯಾವುದೇ ಬರಲಿ, ನಾನು ಮೊದಲು ಕೇಳುವ ಪ್ರಶ್ನೆ ಒಂದೇ. "ಇದನ್ನ ಎಲ್ಲಿ ಹಚ್ತೀರ್ರಿ?" ಅಂದರೆ, ನನ್ನ ಓದನ್ನು ಎಲ್ಲಿ ಕೇಳಿಸುತ್ತೀರಿ ಅಂತ. ಎಷ್ಟು ನಿಮಿಷದ್ದು, ಯಾವಾಗ ಬೇಕು, ಎಷ್ಟು ಕೊಡ್ತೀರಿ ಅನ್ನೋದೆಲ್ಲ ಆಮೇಲೆ. ಹುಬ್ಬಳ್ಳಿಯಲ್ಲಿ ಕೂತು ಸ್ವಂತವಾಗಿ ವಾಯ್ಸ್ ಓವರ್ ಮಾಡುತ್ತಾ ಬಂದ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಈ ಪ್ರಶ್ನೆಯೇ. ಹೇಗೆ ಓದಬೇಕು ಅನ್ನೋದು ಅದರಿಂದ ಗೊತ್ತಾಗುತ್ತದೆ. ಎಷ್ಟು ದುಡ್ಡು ಕೇಳಬೇಕು ಅನ್ನೋದೂ ಅದರಿಂದಲೇ ಗೊತ್ತಾಗುತ್ತದೆ. ನಮ್ಮ ಕಡೆಯ ಹುಡುಗ ಹುಡುಗಿಯರು ಈ ಕೆಲಸಕ್ಕೆ ಬರಬೇಕು ಅಂತ ಈಗ ಜಾಸ್ತಿ ವಿಚಾರಿಸುತ್ತಾರೆ. ಹೆಚ್ಚಿನವರು ಕೇಳೋದು ಯಾವ ಮೈಕ್ ತಗೋಬೇಕು ಅಂತ. ಮೈಕಿಗಿಂತ ಮೊದಲು ತಿಳಿಯಬೇಕಾದ್ದು ಇದು ಅಂತ ನನಗೆ ಅನಿಸುತ್ತದೆ. ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಪ್ರಚಾರದ ಆಟೋದಿಂದ ಶುರು ಮಾಡುತ್ತೇನೆ. ನಮ್ಮ ಊರುಗಳಲ್ಲಿ ಇವತ್ತಿಗೂ ತಪ್ಪದೆ ಬರುವ ಕೆಲಸ ಅದು. ಸೀರೆ ಅಂಗಡಿಯ ಆಷಾಢದ ರಿಯಾಯಿತಿ, ಹೊಸ ಖಾನಾವಳಿ, ಕಣ್ಣಿನ ತಪಾಸಣೆ ಶಿಬಿರ, ಜಾತ್ರೆಗೆ ಬಂದ ನಾಟಕ ಕಂಪನಿ, ಹೀಗೆ. ಆಟೋ ಮೇಲೆ ಕಟ್ಟಿರೋದು ಹಾರ್ನ್ ಸ್ಪೀಕರ್. ಅದರಲ್ಲಿ ದಪ್ಪ ದನಿ ಬರುವುದೇ ಇಲ್ಲ. ಎದೆಯಿಂದ ಎತ್ತಿದ ಆಳದ ಸ್ವರವೆಲ್ಲ ಕಳೆದುಹೋಗಿ ನಡುವಿನ ಸ್ವರ ಮಾತ್ರ ಹೊರಗೆ ಬೀಳುತ್ತದೆ. ಸಿನಿಮಾ ಟ್ರೇಲರ್ ತರಹ ಗಂಭೀರವಾಗಿ ಓದಿದರೆ ದುರ್ಗದ ಬೈಲಿನ ಮಾರ್ಕೆಟ್ಟಿನಲ್ಲಿ ನಿಂತವರಿಗೆ ಗೊರಗೊರ ಅನ್ನೋ ಸದ್ದಷ್ಟೇ ಕೇಳುತ್ತದೆ. ಅದಕ್ಕೆ ದನಿಯನ್ನು ಒಂಚೂರು ಮೇಲಕ್ಕೆ ತಗೊಂಡು, ತುಟಿ ನಾಲಗೆ ಚೆನ್ನಾಗಿ ಆಡಿಸಿ, ಪ್ರತಿ ಮಾತನ್ನೂ ಬಿಡಿಸಿ ಹೇಳಬೇಕು. ಎರಡೂ ಕಡೆ ಕಟ್ಟಡಗಳಿರುವ ಓಣಿಯಲ್ಲಿ ಸದ್ದು ಗೋಡೆಗೆ ಬಡಿದು ಮರಳಿ ಬರುತ್ತದೆ. ಒಂದು ಮಾತು ಮುಗಿದು ಇನ್ನೊಂದು ಶುರುವಾಗುವ ನಡುವೆ ಜಾಗ ಬಿಡದಿದ್ದರೆ ಎರಡೂ ಕಲಸಿಹೋಗುತ್ತವೆ.

ಇನ್ನೊಂದು ಲೆಕ್ಕ ಇದೆ. ಆಟೋ ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಹೋದರೆ ಸೆಕೆಂಡಿಗೆ ಸುಮಾರು 4 ಮೀಟರ್ ಆಯಿತು. ಹಿಂದೆ ಮುಂದೆ ಸೇರಿ 60 ಮೀಟರ್ ತನಕ ಮಾತು ಸ್ಪಷ್ಟವಾಗಿ ಕೇಳುತ್ತದೆ ಅಂತ ಹಿಡಿಯೋಣ. ಆಗ ಕಿರಾಣಿ ಅಂಗಡಿ ಮುಂದೆ ನಿಂತ ಒಬ್ಬರ ಪಾಲಿಗೆ ಸಿಗೋದು ಬರೀ 15 ಸೆಕೆಂಡ್. ಅಂಗಡಿಯ ಹೆಸರು 20ನೇ ಸೆಕೆಂಡಿಗೆ ಬಂದರೆ ಅರ್ಧ ಓಣಿಗೆ ಅದು ಗೊತ್ತೇ ಆಗುವುದಿಲ್ಲ. ಆದ್ದರಿಂದ ನಾನು ಸ್ಕ್ರಿಪ್ಟ್ ತಿದ್ದುತ್ತೇನೆ. ಹತ್ತು ಸೆಕೆಂಡಿಗೊಮ್ಮೆ ಹೆಸರು, ಅದರ ಬೆನ್ನಿಗೇ ಜಾಗದ ಗುರುತು. ಫೋನ್ ನಂಬರ್ ತೆಗೆದುಬಿಡಿ ಅಂತ ಹೇಳುತ್ತೇನೆ. ಹಾದು ಹೋಗುವ ಆಟೋದಲ್ಲಿ ಕೇಳಿದ ನಂಬರ್ ಯಾರೂ ಬರೆದುಕೊಳ್ಳುವುದಿಲ್ಲ. "ಚೆನ್ನಮ್ಮ ಸರ್ಕಲ್ ಹತ್ತಿರ" ಅಂದರೆ ಎಲ್ಲರಿಗೂ ನೆನಪಿರುತ್ತದೆ.

ಅಂಗಡಿಯವರು ಇದಕ್ಕೆ ಸುಲಭಕ್ಕೆ ಒಪ್ಪುವುದಿಲ್ಲ. ಒಬ್ಬ ಹಿರಿಯ ಬಟ್ಟೆ ವ್ಯಾಪಾರಿ, "ಅಕ್ಕಾರ, ನಮ್ಮಪ್ಪಾರ ಹೆಸರು ಮೊದ್ಲ ಬರಬೇಕ್ರಿ, ಆಮ್ಯಾಲೆ ಎಷ್ಟು ವರ್ಷದ ಅಂಗಡಿ ಅನ್ನೋದು ಬರಬೇಕ್ರಿ" ಅಂತ ಪಟ್ಟು ಹಿಡಿದಿದ್ದರು. ಅವರ ಆಸೆ ನ್ಯಾಯವಾದದ್ದೇ. ನಾನು ಎರಡೂ ರೀತಿ ಓದಿ, ಅವರ ಅಂಗಡಿ ಮುಂದೆ ಆಟೋ ತರಿಸಿ, "ಯಜಮಾನ್ರ, ನೀವು ಓಣಿ ಕೊನಿಗೆ ಹೋಗಿ ನಿಂದರ್ರಿ, ನಾ ಹಚ್ತೀನಿ" ಅಂದೆ. ಕೇಳಿಸಿಕೊಂಡು ಬಂದವರು ಅಪ್ಪನ ಹೆಸರನ್ನು ಅಂಗಡಿಯ ಹೆಸರಿನ ಜೊತೆಗೇ ಸೇರಿಸಿ ಸಣ್ಣದು ಮಾಡಲು ತಾವೇ ಹೇಳಿದರು. ಆಟೋ ಸಿಗದಿದ್ದಾಗ ಇದನ್ನು ಮನೆಯಲ್ಲೂ ನೋಡಬಹುದು. ಆಡಾಸಿಟಿ ಅನ್ನೋ ಆಡಿಯೋ ಎಡಿಟ್ ಮಾಡುವ ಸಾಫ್ಟ್‌ವೇರಿನಲ್ಲಿ 400 ಹರ್ಟ್ಸ್‌ಗಿಂತ ಕೆಳಗಿನ ದಪ್ಪ ಸ್ವರವನ್ನೂ 4,000 ಹರ್ಟ್ಸ್‌ಗಿಂತ ಮೇಲಿನ ತೆಳು ಸ್ವರವನ್ನೂ ಕತ್ತರಿಸಿ, ಹಳೇ ಫೋನಿನಲ್ಲಿ ಹಚ್ಚಿ, ಪಕ್ಕದ ಕೋಣೆಗೆ ಹೋಗಿ ನಿಂತು ಕೇಳಿ. ಹೆಚ್ಚು ಕಡಿಮೆ ಅದೇ ಅನುಭವ ಸಿಗುತ್ತದೆ.

ಫೋನಿನ ಕೆಲಸ ಇದಕ್ಕಿಂತ ಸೂಕ್ಷ್ಮ. ಆಸ್ಪತ್ರೆಗೋ ಸಹಕಾರಿ ಸೊಸೈಟಿಗೋ ಫೋನ್ ಹಚ್ಚಿದಾಗ "ಕನ್ನಡಕ್ಕಾಗಿ ಒಂದನ್ನು ಒತ್ತಿ" ಅನ್ನುತ್ತದಲ್ಲ, ಆ ದನಿ. ಮಾಮೂಲಿ ಫೋನ್ ಕರೆಯಲ್ಲಿ ಸುಮಾರು 300ರಿಂದ 3,400 ಹರ್ಟ್ಸ್ ತನಕದ ಸದ್ದಷ್ಟೇ ದಾಟುತ್ತದೆ. ಸ, ಶ, ಫ ಈ ಅಕ್ಷರಗಳನ್ನು ಕಿವಿ ಬೇರೆ ಬೇರೆ ಅಂತ ಗುರುತಿಸುವುದು ಹೆಚ್ಚಾಗಿ ಅದಕ್ಕಿಂತ ಮೇಲಿನ ಸದ್ದಿನಿಂದ. ಫೋನಿನಲ್ಲಿ ಅದು ಇಲ್ಲವೇ ಇಲ್ಲ. ಸ್ಟುಡಿಯೋ ಹೆಡ್‌ಫೋನಿನಲ್ಲಿ ಸೊಗಸಾಗಿ ಕೇಳಿದ "ಶುಲ್ಕ" ಕರೆಯಲ್ಲಿ ಮಂಕಾಗಿಬಿಡುತ್ತದೆ. ಆ ಅಕ್ಷರದ ಜೊತೆಗಿನ ಸ್ವರವನ್ನು ಸ್ವಲ್ಪ ತೆರೆದು ಹೇಳಿದರೆ ಕೇಳುವವರಿಗೆ ಊಹಿಸಲು ಅನುಕೂಲ ಆಗುತ್ತದೆ. ಇಲ್ಲಿ ನಗುಮುಖದಿಂದ ಓದುವುದಕ್ಕಿಂತ ನಿಧಾನವಾಗಿ ಓದುವುದು ಮುಖ್ಯ.

ಇದರಲ್ಲಿ ದೊಡ್ಡ ಕಷ್ಟ ಅಂಕಿಗಳದ್ದು. ಖಾತೆಯಲ್ಲಿರುವ ಹಣ, ಸಾಲದ ಬಾಕಿ ಇವನ್ನೆಲ್ಲ ಕಂಪ್ಯೂಟರ್ ತುಂಡು ತುಂಡು ರೆಕಾರ್ಡಿಂಗ್ ಜೋಡಿಸಿ ಹೇಳುತ್ತದೆ. ಬೆಂಗಳೂರಿನಿಂದಲೋ ಬೇರೆ ರಾಜ್ಯದಿಂದಲೋ ಬರುವ ಪಟ್ಟಿಯಲ್ಲಿ ಒಂದರಿಂದ ಇಪ್ಪತ್ತು, ಆಮೇಲೆ ಮೂವತ್ತು, ನಲವತ್ತು, ನೂರು, ಸಾವಿರ ಅಂತ ಇರುತ್ತದೆ. ಹಾಗೇ ಓದಿ ಕೊಟ್ಟರೆ 523 ರೂಪಾಯಿ "ಐದು ನೂರು ಇಪ್ಪತ್ತು ಮೂರು" ಆಗುತ್ತದೆ. ನಮ್ಮ ಯಾವ ಊರಿನಲ್ಲೂ ಯಾರೂ ಹಾಗೆ ಹೇಳುವುದಿಲ್ಲ. ನಾವು ಹೇಳೋದು ಐನೂರಾ ಇಪ್ಪತ್ತಮೂರು. ಆದ್ದರಿಂದ ಒಂದರಿಂದ ತೊಂಬತ್ತೊಂಬತ್ತರ ತನಕ ಇಡಿಯಾಗಿ ಓದಬೇಕು. ನೂರು, ನೂರಾ, ಐನೂರು, ಐನೂರಾ, ಸಾವಿರ, ಸಾವಿರದ, ಹೀಗೆ ಎರಡೆರಡು ರೂಪ ಬೇಕು. ಅದರ ಮೇಲೆ, ಮಾತು ಮುಂದುವರಿಯುವಾಗಿನ ರಾಗ ಒಂದು, ಮುಗಿಯುವಾಗಿನ ರಾಗ ಇನ್ನೊಂದು. ಫೈಲುಗಳು ಜಾಸ್ತಿ ಆಗುತ್ತವೆ, ಜೋಡಿಸುವ ನಿಯಮವೂ ಬದಲಾಗಬೇಕು. "ಇಷ್ಟೆಲ್ಲ ಯಾಕೆ ಮೇಡಂ, ಅರ್ಥ ಆಗುತ್ತಲ್ವಾ" ಅಂತ ಎಂಜಿನಿಯರ್ ಕೇಳುತ್ತಾರೆ. ಹಾವೇರಿ ಕಡೆ ಒಂದು ಹಳ್ಳಿಯಲ್ಲಿ ಅಜ್ಜಿಯೊಬ್ಬರು ಫೋನ್ ಕಿವಿಗೆ ಒತ್ತಿಕೊಂಡು ತಮ್ಮ ಸಾಲ ಎಷ್ಟು ಉಳಿದಿದೆ ಅಂತ ಕೇಳುತ್ತಿರುತ್ತಾರೆ. ಅವರಿಗೆ ಒಂದೇ ಸಲಕ್ಕೆ ತಿಳಿಯಬೇಕು. ಇದನ್ನು ವಿವರಿಸಿ ಹೇಳಲು ನಾನು ಯಾವತ್ತೂ ಬೇಸರ ಮಾಡಿಕೊಂಡಿಲ್ಲ.

ಧಾರವಾಡದ ಕೋಚಿಂಗ್ ಪಾಠಗಳ ವಿಡಿಯೋಗೆ ಓದುವಾಗ ಬೇರೆಯೇ ಎಚ್ಚರ ಬೇಕು. ಸಪ್ತಾಪುರದ ರೂಮುಗಳಲ್ಲಿ ಕೂತ ಹುಡುಗರು ಅದನ್ನು ಒಂದೂವರೆ ಪಟ್ಟು, ಎರಡು ಪಟ್ಟು ವೇಗದಲ್ಲಿ ಓಡಿಸುತ್ತಾರೆ. ಆ ವೇಗದಲ್ಲಿ ಮೊದಲು ಮಾಯವಾಗೋದು ವಾಕ್ಯದ ಕೊನೆ. ಮಾಡಿದೆಯೋ ಮಾಡಿಲ್ಲವೋ ಅನ್ನೋದೇ ಗೊತ್ತಾಗದಿದ್ದರೆ ಪರೀಕ್ಷೆಗೆ ಓದುವವರ ಗತಿ ಏನು? ಕ್ರಿಯಾಪದವನ್ನು ಕೊನೆಯ ಅಕ್ಷರದ ತನಕ ಗಟ್ಟಿಯಾಗಿ ಹೇಳಿ. ಉಸಿರಿನ ಸದ್ದನ್ನು ಎಡಿಟ್ ಮಾಡುವಾಗ ತಗ್ಗಿಸಿ, ಎರಡು ಪಟ್ಟು ವೇಗದಲ್ಲಿ ಅದು ಏದುಸಿರಿನ ಹಾಗೆ ಕೇಳುತ್ತದೆ.

ಗದಗ ಹತ್ತಿರದ ಲಕ್ಕುಂಡಿಯ ಬಗ್ಗೆ ಒಂದು ಕಿರುಚಿತ್ರಕ್ಕೆ ಓದಿದಾಗ ಇದಕ್ಕೆ ಪೂರ್ತಿ ಉಲ್ಟಾ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ ಪರದೆಯ ಮೇಲೆ ಕಾಣುತ್ತಿರುವಾಗ, ಮುಸುಕಿನ ಬಾವಿಯ ಮೆಟ್ಟಿಲುಗಳ ಮೇಲೆ ಕ್ಯಾಮೆರಾ ನಿಧಾನಕ್ಕೆ ಇಳಿಯುತ್ತಿರುವಾಗ, ದನಿ ದಾರಿ ಬಿಡಬೇಕು. ಸ್ಕ್ರಿಪ್ಟಿನಲ್ಲಿ ಒಂದು ಸೆಕೆಂಡೂ ಖಾಲಿ ಇರಲಿಲ್ಲ. ಕೆಲವು ಸಾಲು ಕಡಿಮೆ ಮಾಡೋಣ ಅಂತ ನಾನೇ ಕೇಳಿಕೊಂಡೆ. ಓದುವ ಮೊದಲು ಊರಿಗೆ ಹೋಗಿ ಬಂದಿದ್ದೆ. ಗುಡಿ ಬಾವಿಗಳ ಹೆಸರನ್ನು ಅಲ್ಲಿಯವರು ಹೇಗೆ ಹೇಳುತ್ತಾರೆ ಅಂತ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆ. ಊರವರೇ ಮೊದಲ ಪ್ರೇಕ್ಷಕರು, ಅವರ ಊರಿನ ಹೆಸರನ್ನು ನಾವು ತಪ್ಪಾಗಿ ಹೇಳಬಾರದು.

ಇನ್ನು ನನ್ನನ್ನು ತುಂಬಾ ಕಾಡುವ ವಿಷಯಕ್ಕೆ ಬರುತ್ತೇನೆ. "ಪಕ್ಕಾ ಹುಬ್ಬಳ್ಳಿ ಸ್ಟೈಲ್ ಬೇಕು" ಅಂತ ಏಜೆನ್ಸಿಗಳು ಕೇಳುತ್ತವೆ. ಸ್ಕ್ರಿಪ್ಟ್ ತೆಗೆದು ನೋಡಿದರೆ ಸಾಲಿಗೊಂದು "ಲೇ", ಸಾಲಿಗೊಂದು "ಮಗನ". ಎಲ್ಲಿ ಹಚ್ತೀರಿ ಅಂತ ಕೇಳಿದರೆ ರಾಣೆಬೆನ್ನೂರು, ಬ್ಯಾಡಗಿ, ಸವಣೂರು ಕಡೆ ರೈತರಿಗೆ ವಾಟ್ಸಾಪ್‌ನಲ್ಲಿ ಕಳಿಸಲು ಅನ್ನುತ್ತಾರೆ. ಬೀಜ ಬಿತ್ತುವ ಮೊದಲು ಸಾಲ ಸೋಲ ಎಲ್ಲ ಲೆಕ್ಕ ಹಾಕುತ್ತಾ ಕೂತ ಒಬ್ಬ ರೈತರಿಗೆ ಯಾರಾದರೂ ಹಾಗೆ ಮಾತಾಡುತ್ತಾರಾ? ನಮ್ಮ ಮಾತಿನಲ್ಲಿ ಗಟ್ಟಿತನ ಇದೆ ನಿಜ, ಆದರೆ ಮಾತಿಗೊಮ್ಮೆ "ರೀ" ಹಚ್ಚಿ ಗೌರವ ಕೊಡುವವರೂ ನಾವೇ. ಧಾರವಾಡ ಆಕಾಶವಾಣಿ 1950ರಿಂದ ಈ ಭಾಗದ ಮನೆ ಮನೆಗೆ ಮಾತಾಡುತ್ತಾ ಬಂದಿದೆ. ಅಲ್ಲಿ ರೈತರಿಗಾಗಿ ಮಾತಾಡುವವರು ಕಟ್ಟೆಯ ಮೇಲೆ ಪಕ್ಕದಲ್ಲಿ ಕೂತು ಹೇಳಿದಂತೆ ಹೇಳುವುದನ್ನು ಕೇಳುತ್ತಾ ಬೆಳೆದವರು ನಾವು. ಯಾರನ್ನೂ ಹಗುರ ಮಾಡದೆ ಇಲ್ಲಿಯ ಕನ್ನಡ ಆಡಬಹುದು ಅನ್ನೋದಕ್ಕೆ ನನಗೆ ಬೇರೆ ಉದಾಹರಣೆ ಬೇಕಿಲ್ಲ. ಇಂಥ ಕೆಲಸಕ್ಕೆ ನಾನು ಎರಡು ಓದು ಕಳಿಸುತ್ತೇನೆ. ಅವರು ಬರೆದದ್ದು ಒಂದು, ನಮ್ಮ ಓಣಿಯ ಹಿರಿಯರಿಗೆ ನಾನು ಹೇಗೆ ಹೇಳುತ್ತೇನೋ ಹಾಗೆ ಇನ್ನೊಂದು. ಹಲವು ಸಲ ಎರಡನೆಯದನ್ನೇ ಇಟ್ಟುಕೊಳ್ಳುತ್ತಾರೆ. ಇಟ್ಟುಕೊಳ್ಳದಿದ್ದಾಗ ನನಗೆ ನಿಜವಾಗಿ ನೋವಾಗುತ್ತದೆ.

ಹಾಂ, ಸ್ಕ್ರಿಪ್ಟಿನ ಉದ್ದದ ಬಗ್ಗೆ ಒಂದು ಮಾತು. ಆರಾಮವಾಗಿ ಓದಿದರೆ 30 ಸೆಕೆಂಡಿಗೆ ನನಗೆ 45ರಿಂದ 50 ಕನ್ನಡ ಪದ ಹಿಡಿಸುತ್ತವೆ. ಇಂಗ್ಲಿಷಿನಿಂದ ತಂದ ಸ್ಕ್ರಿಪ್ಟ್ ಯಾವಾಗಲೂ ಉಕ್ಕುತ್ತದೆ. ಬೇಗ ಓದಿ ಹೊಂದಿಸುವ ಬದಲು ಎಲ್ಲಿ ಕತ್ತರಿಸಬಹುದು ಅಂತ ಗುರುತು ಹಾಕಿ ವಾಪಸ್ ಕಳಿಸಿ. ಕೇಳಿದರೆ ಬಹಳ ಜನ ಒಪ್ಪುತ್ತಾರೆ.

ಮೈಕ್ ಮತ್ತು ಕೋಣೆಯ ಮಾತೂ ಈ ಪ್ರಶ್ನೆಯಿಂದಲೇ ತೀರ್ಮಾನ ಆಗುತ್ತದೆ. ಆಟೋಗೆ ಹೋಗುವ ರೆಕಾರ್ಡಿಂಗಿನಲ್ಲಿ ದೂರದ ಫ್ಯಾನಿನ ಸದ್ದು ಇದ್ದರೂ ಯಾರಿಗೂ ಕೇಳುವುದಿಲ್ಲ. ಹೆಡ್‌ಫೋನಿನಲ್ಲಿ ಕೇಳುವ ಕಥೆಗೆ ಕುರ್ಚಿ ಕಿರ್ ಅಂದರೂ ಹೊಸದಾಗಿ ಓದಬೇಕು. ನನ್ನ ಕೋಣೆಯ ಗೋಡೆಗೆ ಅವ್ವ ಹೊಲಿದ ಕೌದಿಗಳನ್ನು ಕಟ್ಟಿದ್ದೇನೆ. ಹಳೇ ಸೀರೆ, ಧೋತರಗಳ ಹಲವು ಪದರ ಸೇರಿಸಿ ಹೊಲಿದ ಕೌದಿ ಮಾತಿನ ಮಾರ್ದನಿಯನ್ನು ಚೆನ್ನಾಗಿ ಹೀರುತ್ತದೆ. ಗೋಡೆಯಿಂದ ನಾಲ್ಕು ಬೆರಳು ಮುಂದೆ ಕಟ್ಟಿದರೆ ಇನ್ನೂ ಒಳ್ಳೆಯದು. ಮೈಕ್ ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿ ಇಟ್ಟರೆ ಪ, ಬ ಅಕ್ಷರಗಳ ಗಾಳಿ ನೇರ ಬಡಿಯುವುದಿಲ್ಲ. ಗೋಡೆ ಸರಿ ಇಲ್ಲದ ಕೋಣೆಗೆ ಕಂಡೆನ್ಸರ್ ಮೈಕ್ ಬೇಡ. ಅದು ಓಣಿಯ ಬೋರ್‌ವೆಲ್ ಮೋಟಾರನ್ನೂ ಹಿಡಿದು ತರುತ್ತದೆ. ಹತ್ತಿರದ ದನಿಯನ್ನೇ ಹೆಚ್ಚಾಗಿ ಹಿಡಿಯುವ ಡೈನಮಿಕ್ ಮೈಕಿನಿಂದ ಶುರು ಮಾಡಿ. ಏಪ್ರಿಲ್‌ನಲ್ಲಿ ಫ್ಯಾನ್ ಆರಿಸಿ ಓದುವುದು ಕಷ್ಟ, ಅದಕ್ಕೆ ಬೆಳಗಿನ ಜಾವ ಕೂರುತ್ತೇನೆ. ಮಳೆಗಾಲದಲ್ಲಿ ಪಕ್ಕದ ಮನೆಯ ತಗಡಿನ ಮೇಲೆ ಮಳೆ ಬಿದ್ದರೆ ಕೆಲಸ ನಿಲ್ಲುತ್ತದೆ. ತಲುಪಿಸುವ ದಿನ ಹೇಳುವಾಗ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಓದುವ ಮೊದಲು ಗಿರಮಿಟ್ಟು ಮಿರ್ಚಿ ಬೇಡ. ಚುರುಮುರಿಯ ಚೂರು ಗಂಟಲಲ್ಲಿ ಕೂತರೆ ಅರ್ಧ ಗಂಟೆ ಹೋಯಿತು.

ಈಗ ದುಡ್ಡು. ಒಂದೇ 30 ಸೆಕೆಂಡಿನ ಮಾತಿಗೆ ಆಟೋಗೆ ಒಂದು ದರ, ರೇಡಿಯೋಗೆ ಒಂದು, ಟಿವಿಗೆ ಒಂದು, ಯೂಟ್ಯೂಬ್ ಜಾಹೀರಾತಿಗೆ ಇನ್ನೊಂದು. ಓದುವ ಶ್ರಮ ಒಂದೇ ಇರಬಹುದು, ಆದರೆ ಅದರಿಂದ ಅವರು ಎಷ್ಟು ಜನರನ್ನು ಮುಟ್ಟುತ್ತಾರೆ, ಎಷ್ಟು ದಿನ ಬಳಸುತ್ತಾರೆ ಅನ್ನೋದು ಬೇರೆ. ಒಂದು ಚಿನ್ನದಂಗಡಿಗೆ ಓದಿದ ದನಿ ಊರೆಲ್ಲ ಕೇಳುತ್ತಿದ್ದರೆ ಇನ್ನೊಂದು ಚಿನ್ನದಂಗಡಿ ನಮ್ಮನ್ನು ಕರೆಯುವುದಿಲ್ಲ. ಆ ನಷ್ಟಕ್ಕೂ ಬೆಲೆ ಇದೆ. ಹಾಗಾಗಿ ಕೊಟೇಶನ್ನಿನಲ್ಲಿ ಎಲ್ಲಿ, ಎಷ್ಟು ತಿಂಗಳು ಅನ್ನೋದನ್ನು ಬರೆಯುತ್ತೇನೆ. ನನ್ನ ಉಚ್ಚಾರ ತಪ್ಪಿದ್ದರೆ ಮತ್ತೆ ಓದುವುದಕ್ಕೆ ದುಡ್ಡಿಲ್ಲ. ಅವರು ಸ್ಕ್ರಿಪ್ಟ್ ಬದಲಿಸಿದರೆ ಹೊಸ ದರ. ಹೊಸಬರಿಂದ ಅರ್ಧ ಮುಂಗಡ ತಗೊಳ್ಳುತ್ತೇನೆ. ನಮ್ಮ ಮಾರ್ಕೆಟ್ಟಿನ ಸಣ್ಣ ಅಂಗಡಿಯವರು ಹೇಳಿದ ದಿನ ಕೊಟ್ಟುಬಿಡುತ್ತಾರೆ. ತಡ ಆಗೋದು ದೊಡ್ಡ ಕಂಪನಿಗಳ ಕಡೆಯಿಂದ. ಸಣ್ಣ ಉದ್ಯಮಗಳಿಗಾಗಿ ಸರ್ಕಾರದ ಉದ್ಯಮ್ ನೋಂದಣಿ ಇದೆ, ಮಾಡಿಸಿಕೊಳ್ಳಿ, ಅದಕ್ಕೆ ಶುಲ್ಕ ಇಲ್ಲ. ಸಣ್ಣ ಉದ್ಯಮಗಳಿಗೆ 45 ದಿನದೊಳಗೆ ಹಣ ಕೊಡಬೇಕು ಅಂತ 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ಬಿಲ್ಲಿನ ಮೇಲೆ ಆ ನೋಂದಣಿ ಸಂಖ್ಯೆ ಹಾಕಿದ ಮೇಲೆ ಅಕೌಂಟ್ಸ್ ವಿಭಾಗದವರು ಫೋನ್ ಎತ್ತುವ ರೀತಿಯೇ ಬದಲಾಗಿದೆ.

ಇತ್ತೀಚೆಗೆ ಈ ಪ್ರಶ್ನೆಗೆ ಉತ್ತರವೇ ಬರದ ಕೆಲಸಗಳು ಬರುತ್ತಿವೆ. ಒಂದಕ್ಕೊಂದು ಸಂಬಂಧ ಇಲ್ಲದ ನೂರಾರು ವಾಕ್ಯ ಕಳಿಸುತ್ತಾರೆ. ಖುಷಿಯಲ್ಲಿ, ಸಿಟ್ಟಿನಲ್ಲಿ, ಸುಮ್ನೆ ಮಾತಾಡುವಂತೆ ಓದಿ ಅನ್ನುತ್ತಾರೆ. ಎಲ್ಲಿ ಹಚ್ತೀರಿ ಅಂದರೆ "ಎಲ್ಲಾ ಮಾಧ್ಯಮ, ಎಂದೆಂದಿಗೂ" ಅಂತ ಒಪ್ಪಂದದಲ್ಲಿ ಬರೆದಿರುತ್ತದೆ. ಅದು ಎಐಗೆ ದನಿ ಕಲಿಸುವ ಕೆಲಸ. ಕನ್ನಡ ಮಾತಾಡುವ ಯಂತ್ರ ಬರಲೇಬಾರದು ಅಂತ ನಾನು ಹೇಳುವುದಿಲ್ಲ. ಕಣ್ಣು ಕಾಣದವರಿಗೆ ಪುಸ್ತಕ ಓದಿ ಹೇಳುವ ಒಳ್ಳೆಯ ಕನ್ನಡ ದನಿ ಬೇಕೇ ಬೇಕು, ಅಂಥದ್ದಕ್ಕೆ ಸಂತೋಷದಿಂದ ಓದುತ್ತೇನೆ. ಆದರೆ ಯಾವುದಕ್ಕೆ ಅಂತ ಕಾಗದದ ಮೇಲೆ ಇರಬೇಕು. 2024ರ ಜುಲೈನಲ್ಲಿ ಗಾಯಕ ಅರಿಜಿತ್ ಸಿಂಗ್ ಅವರ ದನಿಯನ್ನು ಎಐ ಮೂಲಕ ನಕಲು ಮಾಡುವುದಕ್ಕೆ ಬಾಂಬೆ ಹೈಕೋರ್ಟ್ ಮಧ್ಯಂತರ ತಡೆ ಕೊಟ್ಟಿತು. ಅವರು ದೇಶಕ್ಕೇ ಗೊತ್ತಿರುವವರು. ಹುಬ್ಬಳ್ಳಿಯ ಕೋಣೆಯಲ್ಲಿ ಕೂತು ಓದುವವರು ಕೋರ್ಟಿನ ತನಕ ಹೋಗುವುದು ಸುಲಭ ಅಲ್ಲ. ಆದ್ದರಿಂದ ಸಹಿ ಹಾಕುವ ಮೊದಲೇ ನೋಡಿಕೊಳ್ಳಬೇಕು. "ಈ ರೆಕಾರ್ಡಿಂಗನ್ನು ಕೃತಕ ದನಿ ತಯಾರಿಸಲು ಬಳಸುವಂತಿಲ್ಲ" ಅಂತ ಒಂದು ಸಾಲನ್ನು ಈಗ ನಾನು ಪ್ರತಿ ಕೊಟೇಶನ್ನಿಗೂ ಸೇರಿಸುತ್ತೇನೆ.

ಕಳೆದ ತಿಂಗಳು ಒಂದು ಆಸ್ಪತ್ರೆಯ ಫೋನ್ ಸಂದೇಶಗಳಿಗೆ ಬಂದ ಒಪ್ಪಂದದಲ್ಲೂ ಆ "ಎಂದೆಂದಿಗೂ" ಇತ್ತು. ಅದನ್ನು ಹೊಡೆದು, ಎರಡು ವರ್ಷ, ಆ ಆಸ್ಪತ್ರೆಯ ಫೋನ್ ಲೈನಿಗೆ ಮಾತ್ರ ಅಂತ ಬರೆದು ಕಳಿಸಿದೆ. ಎರಡು ದಿನ ಬಿಟ್ಟು ಸಹಿಯಾಗಿ ಬಂತು. ಅಂಕಿಗಳನ್ನು ತೊಂಬತ್ತೊಂಬತ್ತರ ತನಕ ಇಡಿಯಾಗಿ ಓದಲು ಅವರು ಒಪ್ಪಿದ್ದಾರೆ.