151 ಬೇಕು, 150 ಆಗುತ್ತಿದೆ

ನಿನ್ನೆ ರಾತ್ರಿ ರೂಮಿನವರೆಲ್ಲ ಮಲಗಿದ ಮೇಲೆ ಕಾಲೇಜಿನ ಟೆಸ್ಟ್ ಬರೆಯುವ ಹಳೇ ಬ್ಲೂ ಬುಕ್‌ನ ಕೊನೇ ಹಾಳೆಯಲ್ಲಿ ಲೆಕ್ಕ ಹಾಕುತ್ತಾ ಕೂತೆ. ನನಗೆ ವರ್ಷಕ್ಕೆ 40,000 ರೂಪಾಯಿ ಸ್ಕಾಲರ್‌ಶಿಪ್ ಕೊಡುವ ಟ್ರಸ್ಟ್‌ನವರದ್ದು ಒಂದೇ ಷರತ್ತು. ಮೊದಲ ವರ್ಷ ಮುಗಿದಾಗ ಸಿಜಿಪಿಎ, ಅಂದರೆ ಎರಡೂ ಸೆಮಿಸ್ಟರ್ ಸೇರಿದ ಸರಾಸರಿ ಗ್ರೇಡ್ ಪಾಯಿಂಟ್, 7 ಇರಬೇಕು. ಹಾಸ್ಟೆಲ್ ಫೀಸು ಕಟ್ಟುವುದು ಆ ದುಡ್ಡಲ್ಲೇ. ಅಪ್ಪ ತಿಪಟೂರಿನಲ್ಲಿ ತೆಂಗಿನಕಾಯಿ ಸುಲಿಯುತ್ತಾರೆ. ಊರಿಗೆ ಹೋದಾಗೆಲ್ಲ ಅವರ ಅಂಗೈ ನೋಡುತ್ತೇನೆ. ಅಷ್ಟು ದುಡ್ಡು ಅವರನ್ನು ಕೇಳಲು ನನಗೆ ಬಾಯಿ ಬರುವುದಿಲ್ಲ.

ಮೊದಲ ಸೆಮಿಸ್ಟರ್‌ನಲ್ಲಿ ನನ್ನ ಎಸ್‌ಜಿಪಿಎ, ಅಂದರೆ ಆ ಒಂದು ಸೆಮಿಸ್ಟರ್‌ನ ಸರಾಸರಿ, 6.45. ಈ ಸಲ 7.5 ಬಂದರೆ ಸಾಕು ಅಂದುಕೊಂಡಿದ್ದೆ. ಸಾಲುವುದಿಲ್ಲ. ನಮ್ಮ ಎಂಜಿನಿಯರಿಂಗ್ ವಿಶ್ವವಿದ್ಯಾಲಯ ವಿಟಿಯುದ 2022ರ ಸ್ಕೀಮ್‌ನಲ್ಲಿ ಮೊದಲ ವರ್ಷ ಸೆಮಿಸ್ಟರ್‌ಗೆ 20 ಕ್ರೆಡಿಟ್. ಕ್ರೆಡಿಟ್ ಅಂದರೆ ಸಬ್ಜೆಕ್ಟಿನ ತೂಕ, ಗ್ರೇಡಿನ ಪಾಯಿಂಟನ್ನು ಅದರಿಂದ ಗುಣಿಸಬೇಕು. ಎರಡೂ ಸೇರಿ 40, ಅಂದರೆ ಒಟ್ಟು 280 ಪಾಯಿಂಟ್ ಬೇಕು. ನನ್ನ ಹತ್ತಿರ 129 ಇದೆ. ಉಳಿದ 151 ಈ ಸೆಮಿಸ್ಟರ್‌ನಲ್ಲೇ ಬರಬೇಕು. 7.5 ಬಂದರೆ 150 ಮಾತ್ರ.

ಮ್ಯಾಥ್ಸ್ ಮತ್ತು ಕೆಮಿಸ್ಟ್ರಿಗೆ ನಾಲ್ಕು ನಾಲ್ಕು ಕ್ರೆಡಿಟ್. ಎರಡರಲ್ಲೂ ಬಿ ಪ್ಲಸ್, ಅಂದರೆ ಏಳು ಪಾಯಿಂಟ್, ಬಂದರೆ 56. ನನ್ನ ಅಂದಾಜಿಗೆ ಮೂರು ಕ್ರೆಡಿಟ್‌ನ ಮೂರು ಸಬ್ಜೆಕ್ಟ್‌ಗಳಿಂದ 66. ಇಂಗ್ಲಿಷ್, ಕನ್ನಡ ಸೇರಿ ಒಂದೊಂದು ಕ್ರೆಡಿಟ್‌ನ ಮೂರರಿಂದ 28. ಕೂಡಿದರೆ 150. ಎರಡು ಸಲ ಕೂಡಿದೆ, ಅಷ್ಟೇ ಬಂತು.

ಆಗಲೇ ಒಂದು ವಿಷಯ ಸರಿಯಾಗಿ ಅರ್ಥವಾಯಿತು. 60 ತೆಗೆದರೂ ಬಿ ಪ್ಲಸ್, 69 ತೆಗೆದರೂ ಬಿ ಪ್ಲಸ್. ಎರಡಕ್ಕೂ ಏಳೇ ಪಾಯಿಂಟ್. 70 ಮುಟ್ಟಿದರೆ ಮಾತ್ರ ಎಂಟು. ಇಷ್ಟು ದಿನ ಎಲ್ಲಾ ಸಬ್ಜೆಕ್ಟನ್ನೂ ಸ್ವಲ್ಪ ಸ್ವಲ್ಪ ಓದುತ್ತಿದ್ದೆ. ಕೆಮಿಸ್ಟ್ರಿ 62 ಇದ್ದದ್ದು 66 ಆದರೆ ಮನಸ್ಸಿಗೆ ಖುಷಿ, ಆದರೆ ಸ್ಕಾಲರ್‌ಶಿಪ್‌ಗೆ ಅದರಿಂದ ಏನೂ ಆಗುವುದಿಲ್ಲ. ಅದೇ ಮ್ಯಾಥ್ಸ್‌ನಲ್ಲಿ ಒಂದು ಗ್ರೇಡ್ ಮೇಲೆ ಹೋದರೆ ಒಂದೇ ಏಟಿಗೆ ನಾಲ್ಕು ಪಾಯಿಂಟ್. 150 ಇದ್ದದ್ದು 154 ಆಗುತ್ತದೆ!

ಹೋದ ಸೆಮಿಸ್ಟರ್‌ನಲ್ಲಿ ನನಗೆ ಮ್ಯಾಥ್ಸ್‌ನಲ್ಲೇ ಅತಿ ಕಡಿಮೆ ಬಂದಿದ್ದು, 52. ಅದಕ್ಕೇ ಭಯ. ಆದರೆ ಈ ಸಲ ಇಂಟರ್ನಲ್ಸ್‌ನಲ್ಲಿ, ಅಂದರೆ ಕಾಲೇಜಿನಲ್ಲೇ ಕೊಡುವ ಅಂಕದಲ್ಲಿ, 50ಕ್ಕೆ 42 ಇದೆ. 70 ಆಗಲು ಇನ್ನು 28 ಬೇಕು. ಪರೀಕ್ಷೆ 100ಕ್ಕೆ ಬರೆದು 50ಕ್ಕೆ ಇಳಿಸುವುದರಿಂದ ಪೇಪರ್‌ನಲ್ಲಿ 56 ತೆಗೆಯಬೇಕು. ಐದು ಮಾಡ್ಯೂಲ್, ಒಂದೊಂದಕ್ಕೆ 20. ಕೊನೆಯ ಎರಡು ಮಾಡ್ಯೂಲ್ ಪೂರ್ತಿ ನ್ಯೂಮರಿಕಲ್ ಮೆಥಡ್ಸ್. ಸೂತ್ರ ನೆನಪಿದ್ದು, ಕ್ಯಾಲ್ಕುಲೇಟರ್ ಒತ್ತುವಾಗ ತಪ್ಪದಿದ್ದರೆ 40 ಅಲ್ಲೇ ಸಿಗುತ್ತದೆ. ಉಳಿದ 16 ವೆಕ್ಟರ್ ಕ್ಯಾಲ್ಕುಲಸ್‌ನಿಂದ ತೆಗೆಯಬಹುದು ಅಲ್ವಾ?

ಲೆಕ್ಕ ಹಾಕುವ ಮುಂಚೆ ನನಗೆ ಸುಮ್ನೆ ಹೆದರಿಕೆ ಇತ್ತು. ಈಗ 56 ಅನ್ನುವ ಒಂದು ನಂಬರ್ ಇದೆ. ಅದನ್ನು ಹಾಳೆಯಲ್ಲಿ ದಪ್ಪಗೆ ಬರೆದು ಮೇಜಿನ ಮೇಲೆ ಅಂಟಿಸಿದ್ದೇನೆ.

ನ್ಯೂಮರಿಕಲ್ ಮೆಥಡ್ಸ್‌ನಲ್ಲಿ ರುಂಗೆ-ಕುಟ್ಟಾ ವಿಧಾನ ನನಗೆ ಬರುತ್ತದೆ. ಮಿಲ್ನೆ ವಿಧಾನ ಇನ್ನೂ ತಲೆಗೆ ಹತ್ತಿಲ್ಲ. ಪಕ್ಕದ ರೂಮಿನ ಗೆಳತಿಗೆ ಅದು ಚೆನ್ನಾಗಿ ಗೊತ್ತು. ಸಂಜೆ ಟೀ ಆದ ಮೇಲೆ ಹೇಳಿಕೊಡುತ್ತೇನೆ ಅಂದಿದ್ದಾಳೆ.