ಮಾಣಿ ಏನು ಹೇಳಿದ?

ಇಂದು ಶಿರಸಿ ಪೇಟೆಯಲ್ಲಿ ಕೊಡೆ ಮಡಚುವ ಮೊದಲೇ ಹಿರಿಯರೊಬ್ಬರು ಅಡ್ಡ ನಿಂತರು. “ನಮ್ಮ ಮಾಣಿ ನಿಮ್ಮ ಹತ್ತಿರ ಕೋಚಿಂಗಿಗೆ ಬರುತ್ತಾನಂತಲ್ಲ, ಏನು ಹೇಳಿದ?” ಮಾಣಿ ಎಂದರೆ ನಮ್ಮ ಕಡೆ ಹುಡುಗ. ನನ್ನದು ಪಾಠದ ಕೋಚಿಂಗ್ ಅಲ್ಲ, ಕೆಲಸ, ಬದುಕಿನ ಗುರಿಗಳ ಬಗ್ಗೆ ಒಬ್ಬೊಬ್ಬರ ಜೊತೆ ಗುಟ್ಟಾಗಿ ಆಡುವ ಮಾತು. ಬರುತ್ತಾನೆ ಎಂದರೂ ತಪ್ಪು, ಬರುವುದಿಲ್ಲ ಎಂದರೆ ಸುಳ್ಳು. ಅಡಿಕೆ ದರ ಕೇಳಿದೆ. ಅವರಿಗೆ ಬೇಸರವಾಯಿತು, ನಾಲ್ಕು ಮನೆಯ ಸುದ್ದಿ ನಾಲ್ಕೂ ಮನೆಗೆ ಗೊತ್ತಿರುವ ಊರಿದು.

1995ರಲ್ಲಿ ಆರಂಭವಾದ ಅಂತಾರಾಷ್ಟ್ರೀಯ ಕೋಚಿಂಗ್ ಫೆಡರೇಷನ್ನಿನ ನೀತಿ ಸಂಹಿತೆಯ ಪ್ರಕಾರ ಗೋಪ್ಯತೆ ಎಲ್ಲಿಯವರೆಗೆ ಎಂಬುದನ್ನು ಮೊದಲೇ ತಿಳಿಸಬೇಕು. ನಾನೂ ಮೊದಲ ದಿನವೇ ಹೇಳಿಬಿಡುತ್ತೇನೆ: ಜೀವಕ್ಕೆ ಅಪಾಯವೆನಿಸಿದರೆ ಮಾತ್ರ ಬಾಯಿ ಬಿಡುತ್ತೇನೆ.

ಹಿಂದೊಮ್ಮೆ ಒಬ್ಬರು ಕೆಲಸ ಬದಲಿಸುವ ಮಾತಿನ ನಡುವೆ, ಬದುಕುವುದೇ ಬೇಡವೆನಿಸುತ್ತದೆ ಎಂದರು. ಪೆನ್ನು ಕೆಳಗಿಟ್ಟೆ. ಗುರಿ, ಯೋಜನೆ ಎಲ್ಲ ಅಲ್ಲಿಗೇ ನಿಂತಿತು. ನಾನು ವೈದ್ಯನಲ್ಲ ಎಂದು ಒಪ್ಪಿಕೊಂಡು, ಅವರ ಎದುರೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದೆ. ಅವರ ಒಪ್ಪಿಗೆ ಪಡೆದು ಅಣ್ಣನನ್ನೂ ಕರೆಸಿದೆ. ಅಂದಿನ ಶುಲ್ಕ ಪಡೆಯಲಿಲ್ಲ. (ವಿವರ ಬದಲಿಸಿದ್ದೇನೆ, ಯಾರೆಂದು ಹುಡುಕಬೇಡಿ.)

ಸಂಜೆ ಆ ಹಿರಿಯರು ಮತ್ತೆ ಫೋನ್ ಮಾಡಿದ್ದರು. ಈ ಸಲ ಅವರೇ ಅಡಿಕೆ ದರ ಹೇಳಿದರು.